ಮಾವನ ಅಂಗಡಿ ಮುಚ್ಚುವ ಮಾತು ಯಾರು ಎತ್ತಬೇಕು?

ಪ್ರಶ್ನೆ: ನಾನು ಶಿವಮೊಗ್ಗದ ಕಡೆಯವಳು. ಕೆಲಸಕ್ಕೆಂದು ಮಾರಿಷಸ್‌ಗೆ ಬಂದು ಇಲ್ಲಿಯವರನ್ನೇ ಮದುವೆಯಾದೆ. ಗಂಡನ ಮನೆಯವರು ಹಕ್ಕಾ ಚೀನೀಯರು. ಮಾವನ ತಂದೆ ದಕ್ಷಿಣ ಚೀನಾದ ಮೇಯ್‌ಶ್ಯೆನ್‌ನಿಂದ ಬಂದವರಂತೆ. ಫ್ಲಾಕ್ ಜಿಲ್ಲೆಯ ಹಳ್ಳಿಯಲ್ಲಿ ಮಾವನದು ಕಿರಾಣಿ ಅಂಗಡಿ. ಅವರಿಗೀಗ 77. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಸಂಜೆ ಏಳರವರೆಗೆ ಗಲ್ಲಾ ಬಿಟ್ಟು ಏಳುವುದಿಲ್ಲ. ಸೂಪರ್‌ಮಾರ್ಕೆಟ್ ಬಂದ ಮೇಲೆ ವ್ಯಾಪಾರ ಬಿದ್ದುಹೋಗಿದೆ. ಭಾವ ಟೊರಾಂಟೊದಲ್ಲಿದ್ದಾರೆ. ಅಂಗಡಿ ಮಾರಿ ಪರ್ತ್‌ಗೆ ಹೋಗೋಣ ಎಂಬುದು ಗಂಡನ ಆಸೆ. "ಅಪ್ಪ ನಿನ್ನ ಮಾತು ಕೇಳ್ತಾರೆ, ನೀನೇ ಹೇಳು" ಎಂದು ಪೀಡಿಸುತ್ತಿದ್ದಾರೆ. ಹೇಳಿದರೆ ಹೊರಗಿನಿಂದ ಬಂದವಳು ಅಂಗಡಿ ಮುಚ್ಚಿಸಿದಳು ಎನ್ನಿಸಿಕೊಳ್ಳಬೇಕಾಗುತ್ತದೆ. ಏನು ಮಾಡಲಿ?

ಉತ್ತರ: ಆ ಮಾತು ನೀವು ಎತ್ತಬೇಡಿ. ಅದು ಮಕ್ಕಳಿಬ್ಬರೂ ಸೇರಿ ಅಪ್ಪನೆದುರು ಕೂತು ಆಡಬೇಕಾದ ಮಾತು. ಟೊರಾಂಟೊದ ಭಾವ ವಿಡಿಯೊ ಕಾಲ್‌ನಲ್ಲಾದರೂ ಇರಲಿ. ದೊಡ್ಡ ಮಗನಿಲ್ಲದೆ ಚಿಕ್ಕವನೊಬ್ಬನೇ ಶುರುಮಾಡಿದರೆ, ಆಸ್ತಿಗಾಗಿ ಅವಸರಪಡುತ್ತಿದ್ದಾನೆ ಎಂದೇ ಅವರಿಗೆ ಕೇಳಿಸುತ್ತದೆ. ಸೊಸೆಯ ಬಾಯಿಂದ ಬಂದರೆ ಇನ್ನೂ ಕಷ್ಟ. ನಿಮ್ಮ ಮೇಲೆ ಅವರಿಗಿರುವ ವಿಶ್ವಾಸವನ್ನು ಗಂಡ ಹೀಗೆ ಖರ್ಚು ಮಾಡುವುದು ಸರಿಯಲ್ಲ. ಅದನ್ನು ಗಂಡನಿಗೆ ನೇರವಾಗಿಯೇ ಹೇಳಿ.

ಮಾವ ಯಾಕೆ ಬಿಡುತ್ತಿಲ್ಲ ಎಂಬುದು ಗಲ್ಲಾದಲ್ಲಿಲ್ಲ, ಅದರ ಪಕ್ಕದಲ್ಲಿರುವ ಸಾಲದ ಪುಸ್ತಕದಲ್ಲಿದೆ. ಅಲ್ಲಿಯವರು ಅದನ್ನು 'ಕಾರ್ನೆ' ಎನ್ನುತ್ತಾರೆ. ಮಾರಿಷಸ್‌ನಲ್ಲಿ ಕಬ್ಬಿನ ಕಟಾವು ಸುಮಾರು ಜೂನ್‌ನಿಂದ ಡಿಸೆಂಬರ್‌ವರೆಗೆ. ಉಳಿದ ತಿಂಗಳು ಕೂಲಿಯವರ ಕೈ ಖಾಲಿಯಿರುತ್ತಿತ್ತು. ಆ ತಿಂಗಳುಗಳಲ್ಲಿ ಅಕ್ಕಿ, ಹಿಟ್ಟು, ಎಣ್ಣೆ, ಉಪ್ಪುಮೀನು, ಸೀಮೆಎಣ್ಣೆಯನ್ನು ಬರೆದುಕೊಂಡು ಕೊಟ್ಟದ್ದು ಹಳ್ಳಿಯ ಚೀನೀ ಅಂಗಡಿ. ಅರ್ಧ ಬ್ರೆಡ್ಡು, ಒಂದೇ ಸಿಗರೇಟು ಕೇಳಿದರೂ ಇಲ್ಲ ಎನ್ನುತ್ತಿರಲಿಲ್ಲ. ಗಿರಾಕಿಗಳೊಂದಿಗೆ ಮಾತಾಡಲು ಎಷ್ಟೋ ಹಕ್ಕಾ ಅಂಗಡಿಯವರು ಅಲ್ಲಿಯ ಆಡುಮಾತಾದ ಕ್ರಿಯೋಲ್ ಅಷ್ಟೇ ಅಲ್ಲ, ಭಾರತದಿಂದ ಹೋದ ಕೂಲಿಯವರ ಭೋಜಪುರಿಯನ್ನೂ ಕಲಿತರು. 1968ರಲ್ಲಿ ದೇಶ ಸ್ವತಂತ್ರವಾಯಿತು. 1970ರ ರಫ್ತು ವಲಯದ ಕಾನೂನಿನ ನಂತರ ಬಟ್ಟೆ ಕಾರ್ಖಾನೆಗಳು ಎದ್ದು, ಹಳ್ಳಿಯ ಹೆಣ್ಣುಮಕ್ಕಳ ಕೈಗೂ ತಿಂಗಳ ಸಂಬಳ ಬಂತು. ನಗದು ಬಂದಲ್ಲಿ ಕಾರ್ನೆ ತೆಳುವಾಯಿತು. ಅಂಗಡಿಯವರ ಮಕ್ಕಳು ಓದಿ ಬ್ಯಾಂಕು, ಆಸ್ಪತ್ರೆ ಸೇರಿದರು, ಕೆನಡಾ, ಆಸ್ಟ್ರೇಲಿಯಾಕ್ಕೆ ಹೊರಟರು. ಊರಿನಲ್ಲಿ ಯಾರ ಮನೆಗೆ ಯಾವಾಗ ಏನು ಬೇಕೆಂದು ಬಲ್ಲ ಮನುಷ್ಯನಾಗಿ ನಿಮ್ಮ ಮಾವ ಉಳಿದಿದ್ದಾರೆ. ಅಂಗಡಿ ಬಿಟ್ಟರೆ ಆ ಸ್ಥಾನ ಹೋಗುತ್ತದೆ.

ಇನ್ನೊಂದು ಸಂಗತಿ ಅಂಗಡಿಯ ಬೋರ್ಡಿನ ಮೇಲಿದ್ದರೂ ಇರಬಹುದು. ಮಾರಿಷಸ್ ಚೀನೀಯರಲ್ಲಿ ಎಷ್ಟೋ ಕಡೆ ಮೊದಲು ಬಂದ ಹಿರಿಯರ ಪೂರ್ತಿ ಹೆಸರೇ ಮನೆತನದ ಹೆಸರಾಗಿದೆ. ನಮ್ಮಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಒಂದು ತಲೆಮಾರಿಗೆ ಬದಲಾಗುತ್ತದೆ. ಅಲ್ಲಿ ಮುತ್ತಜ್ಜನ ಹೆಸರು ಮರಿಮಕ್ಕಳ ಪಾಸ್‌ಪೋರ್ಟಿನಲ್ಲೂ ಇರುತ್ತದೆ. ಆ ಬೋರ್ಡು ಇಳಿಸಿದರೆ ಗುಜರಿಗೆ ಹಾಕಬೇಡಿ.

ಮಾತಿಗೆ ಮುಂಚೆ ಲೆಕ್ಕ ಆಗಲಿ. ಅಂಗಡಿ ನಷ್ಟದಲ್ಲಿದೆ ಎನ್ನುವುದು ಗಂಡನ ಅಂದಾಜು ಮಾತ್ರ. 30 ದಿನ ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಬರೆಯಿರಿ: ನಗದು ಮಾರಾಟ, ಕಾರ್ನೆಗೆ ಹೋದದ್ದು, ಕಾರ್ನೆಯಿಂದ ವಾಪಸು ಬಂದದ್ದು, ಕೊಂಡ ಸರಕು, ಮನೆಗೆ ಎತ್ತಿಕೊಂಡದ್ದು. ಎಡವುವುದು ಎರಡು ಕಡೆ. ಸಾಲಕ್ಕೆ ಕೊಟ್ಟದ್ದನ್ನು ಒಮ್ಮೆ ಮಾರಾಟವೆಂದೂ ಹಣ ಬಂದಾಗ ಮತ್ತೊಮ್ಮೆ ಆದಾಯವೆಂದೂ ಸೇರಿಸಿಬಿಡುತ್ತಾರೆ. ಮನೆಯವರು ತಿಂದ ಅಕ್ಕಿ ಎಣ್ಣೆಯನ್ನು ಅಂಗಡಿಯ ನಷ್ಟಕ್ಕೆ ಬರೆಯುತ್ತಾರೆ. ಅಂಗಡಿಯ ಹಿಂದೆಯೇ ಮನೆಯಿದ್ದು ಕರೆಂಟಿಗೆ ಒಂದೇ ಮೀಟರ್ ಇದ್ದರಂತೂ ಮನೆಯ ಬಿಲ್ಲೂ ಅಂಗಡಿಯ ತಲೆಗೇ. ಅರ್ಧ ಖಾಲಿ ಫ್ರೀಜರ್ ಓಡುತ್ತಿದ್ದರೆ ಒಂದು ತಿಂಗಳು ಆಫ್ ಮಾಡಿ ನೋಡಿ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಬ್ರೆಡ್ಡು, ಗ್ಯಾಸ್ ಸಿಲಿಂಡರ್, ಮೊಬೈಲ್ ರೀಚಾರ್ಜ್ ಅಷ್ಟೇ ಇಟ್ಟುಕೊಂಡರೆ ಖರ್ಚು ಹುಟ್ಟುತ್ತದೆಯೇ ಎಂಬುದೂ ಈ ನೋಟ್‌ಬುಕ್ಕಿನಿಂದಲೇ ಗೊತ್ತಾಗುತ್ತದೆ. ಹುಟ್ಟುತ್ತದೆ ಎಂದಾದರೆ ಇನ್ನೆರಡು ವರ್ಷ ಹಾಗೆಯೇ ನಡೆಯಲಿ. ಅದರಲ್ಲಿ ತಪ್ಪೇನಿಲ್ಲ.

ಮುಚ್ಚುವುದೇ ಎಂದಾದರೆ ಗುರಿ ಚೀನೀ ಹೊಸ ವರ್ಷ ಇರಲಿ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ, ಅಲ್ಲಿ ಸರ್ಕಾರಿ ರಜೆ. ಹಳೆ ಸಾಲ ಹೊಸ ವರ್ಷದೊಳಗೆ ತೀರಿಸುವುದು ಚೀನೀಯರ ಪದ್ಧತಿ, ಹಾಗಾಗಿ ಕೇಳುವುದಕ್ಕೆ ಮಾವನಿಗೂ ಮುಜುಗರವಿಲ್ಲ. ಅಕ್ಟೋಬರ್‌ನಲ್ಲಿ ಊರಿಗೆ ಅವರೇ ತಿಳಿಸಲಿ. ನವೆಂಬರ್ ಕೊನೆಗೆ ಕಾರ್ನೆಗೆ ಹೊಸದಾಗಿ ಬರೆಯುವುದು ನಿಲ್ಲಲಿ. ಡಿಸೆಂಬರ್‌ನಲ್ಲಿ ಕಾನೂನಿನಂತೆ ನೌಕರರಿಗೆ ವರ್ಷಾಂತ್ಯದ ಬೋನಸ್ ಬರುತ್ತದೆ. ಅದರ ಮುಕ್ಕಾಲು ಭಾಗ ಕ್ರಿಸ್ಮಸ್‌ಗೆ ಮೊದಲೇ ಕೈಗೆ ಸೇರುತ್ತದೆ. ಬಾಕಿ ಬರುವುದಿದ್ದರೆ ಆಗಲೇ.

ಕಾರ್ನೆಯ ಹೆಸರುಗಳನ್ನು ಮೂರು ಗುಂಪು ಮಾಡಿ: ಸರಿಯಾಗಿ ಕೊಡುವವರು, ಚೂರುಚೂರಾಗಿ ಕೊಡುವವರು, ಸತ್ತವರು ಮತ್ತು ಊರು ಬಿಟ್ಟವರು. ಮೂರನೆಯದನ್ನು ಆಸ್ತಿಯೆಂದು ಎಣಿಸಲೇಬೇಡಿ. ಆ ಹೆಸರುಗಳ ಮೇಲೆ ಗೀಟು ಹಾಕುವ ಕೆಲಸ ಮಾವನದೇ. ಪಕ್ಕದಲ್ಲಿ ಕೂತು ಪೆನ್ನು ಕೊಡುವವರು ನೀವಾದರೆ ಕೆಂಪು ಇಂಕು ಕೊಡಬೇಡಿ. ಬದುಕಿರುವವರ ಹೆಸರನ್ನು ಕೆಂಪಿನಲ್ಲಿ ಬರೆಯುವುದು ಚೀನೀಯರಿಗೆ ಅಪಶಕುನ.

ಸರಕು ತರಿಸುವುದನ್ನು ಮೂರು ತಿಂಗಳು ಮುಂಚೆ ಕಡಿಮೆ ಮಾಡಿ. ಖಾಲಿ ಬಾಟಲಿ ಕ್ರೇಟು, ಗ್ಯಾಸ್ ಸಿಲಿಂಡರ್‌ಗಳ ಠೇವಣಿ ಮರೆಯಬೇಡಿ. ಮದ್ಯದ ಲೈಸೆನ್ಸ್ ಇದ್ದರೆ ಕಂದಾಯ ಪ್ರಾಧಿಕಾರಕ್ಕೆ, ಅಂಗಡಿ ನಿಲ್ಲಿಸಿದ್ದನ್ನು ಜಿಲ್ಲಾ ಕೌನ್ಸಿಲ್‌ಗೆ ಬರವಣಿಗೆಯಲ್ಲಿ ತಿಳಿಸಿ. ಕೆಲಸದ ಆಳಿದ್ದರೆ ಲಕೋಟೆ ಕೊಟ್ಟು ಕೈತೊಳೆದುಕೊಳ್ಳಬೇಡಿ, 2019ರ ಕಾರ್ಮಿಕ ಹಕ್ಕು ಕಾಯ್ದೆಯ ಪ್ರಕಾರ ಏನು ಬರಬೇಕೆಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಅದರ ಮೇಲೆ ಕೈಯಾರೆ ಕೊಡುವುದಾದರೆ ಕೆಂಪು ಲಕೋಟೆಯಲ್ಲಿ ಸಮಸಂಖ್ಯೆಯ ಮೊತ್ತ ಇಡಿ, 4 ಬೇಡ. ನಮ್ಮ 501, 1001ರ ರೂಢಿ ಅಲ್ಲಿ ನಡೆಯುವುದಿಲ್ಲ. ಬಿಳಿ ಲಕೋಟೆ ಸಾವಿನ ಮನೆಗೆ.

ಮಾರುವ ವಿಚಾರದಲ್ಲಿ ಗಂಡನನ್ನು ಮೊದಲು ನೋಟರಿಯ ಬಳಿಗೆ ಕಳಿಸಿ. ಅಲ್ಲಿಯ ಉತ್ತರಾಧಿಕಾರ ಫ್ರೆಂಚ್ ಮೂಲದ ಸಿವಿಲ್ ಕೋಡಿನಂತೆ ನಡೆಯುತ್ತದೆ. ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದು ಪಾಲಾಗಿರದಿದ್ದರೆ, ಮಾವನ ಒಡಹುಟ್ಟಿದವರು, ಅವರ ಮಕ್ಕಳು ಎಲ್ಲರ ಸಹಿಯೂ ಬೇಕು. ವಿದೇಶದಲ್ಲಿರುವವರು ಮುಖ್ತ್ಯಾರ್‌ನಾಮೆ ಕಳಿಸಬೇಕು. ಬಹಳಷ್ಟು ಮಾರಾಟ ನಿಲ್ಲುವುದು ಇಲ್ಲೇ. ಮಾವನ ಸ್ವಂತದ್ದೇ ಆದರೂ ಇಬ್ಬರು ಮಕ್ಕಳಿರುವಾಗ ಅವರ ಕಾಲಾನಂತರ ಮೂರರಲ್ಲಿ ಎರಡು ಪಾಲು ಮಕ್ಕಳಿಗೇ ಮೀಸಲು. ಉಯಿಲಿನಲ್ಲಿ ಬೇಕಾದವರಿಗೆ ಬರೆಯಲಾಗುವುದು ಉಳಿದ ಒಂದು ಪಾಲು ಮಾತ್ರ. ಪರ್ತ್‌ನ ಲೆಕ್ಕಾಚಾರದಲ್ಲಿ ಗಂಡ ಪೂರ್ತಿ ಹಣ ಹಿಡಿದಿದ್ದರೆ ಈಗಲೇ ತಿದ್ದಿಕೊಳ್ಳಲಿ. ಮಾವನೂ ಜೊತೆಗೆ ಬರುತ್ತಾರೆಯೇ, ಇಲ್ಲದಿದ್ದರೆ ಎಲ್ಲಿರುತ್ತಾರೆ ಎಂಬ ಪ್ರಶ್ನೆಗೆ ನಿಮ್ಮ ಪತ್ರದಲ್ಲಿ ಉತ್ತರವಿಲ್ಲ. ಅದು ತೀರ್ಮಾನವಾಗುವವರೆಗೆ ಕೊಳ್ಳುವವರನ್ನು ಕರೆತರಬೇಡಿ.

ಅಂಗಡಿಯಲ್ಲಿ ಕ್ವಾನ್ ತೀ ದೇವರ ಪಟವಿದ್ದರೆ ಇಳಿಸುವುದು ಮಾವನ ಕೈಯಿಂದಲೇ ಆಗಲಿ. ಮನೆಯಲ್ಲಿ ಇಡುವುದೋ, ಪೋರ್ಟ್ ಲೂಯಿಯ ಲೆ ಸಲೀನ್‌ನ ಹಳೆಯ ಪಗೋಡಾಕ್ಕೆ ಒಯ್ಯುವುದೋ ಅವರೇ ಹೇಳುತ್ತಾರೆ. ನಿವೃತ್ತಿಯ ಉಡುಗೊರೆಯೆಂದು ಗೋಡೆ ಗಡಿಯಾರ ಮಾತ್ರ ಕೊಡಬೇಡಿ. ಚೀನೀ ಭಾಷೆಯಲ್ಲಿ 'ಗಡಿಯಾರ ಕೊಡುವುದು' ಎಂಬ ಮಾತು ಅಂತ್ಯಸಂಸ್ಕಾರ ಮಾಡುವುದು ಎಂಬಂತೆ ಕೇಳಿಸುತ್ತದೆ.

ನೀವು ಮುಂದೆ ನಿಂತು ಮಾಡಬಹುದಾದ ಕೆಲಸವೂ ಇದೆ. ಹೊಸ ವರ್ಷಕ್ಕೆ ಅಲ್ಲಿ ಗಾತೊ ಲಾಸೀರ್ ಮಾಡುತ್ತಾರೆ: ಅಂಟು ಅಕ್ಕಿಯ ಹಿಟ್ಟಿಗೆ ಸಕ್ಕರೆ ಸೇರಿಸಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿದ್ದು. ನಮ್ಮ ಕಡೆ ಎಳ್ಳು ಬೆಲ್ಲ ಬೀರುವ ಹಾಗೆ ನೆರೆಹೊರೆಗೆ ಹಂಚುತ್ತಾರೆ. ಈ ಸಲ ಕಾರ್ನೆಯಲ್ಲಿರುವ ಮನೆಗಳಿಗೆಲ್ಲ ಒಂದೊಂದು ತುಂಡು ಹೋಗಲಿ. ತಟ್ಟೆ ಹಿಡಿದು ಮಾವನ ಜೊತೆ ನೀವೇ ಹೋಗಿ.