ನಾಲ್ಕು ಎಕರೆ ತೋಟಕ್ಕೆ ಹಳೆಯ ಟ್ರ್ಯಾಕ್ಟರ್: ಕಂಪನಿಗಿಂತ ಮೊದಲು ಕೇಳಬೇಕಾದದ್ದು

ಚನ್ನಗಿರಿ ಕಡೆ ನಾಲ್ಕು ಎಕರೆ ಅಡಿಕೆ ತೋಟ, ಕೈಯಲ್ಲಿ ಮೂರು ಲಕ್ಷ, 45 ಎಚ್‌ಪಿಯ ಹಳೆಯ ಟ್ರ್ಯಾಕ್ಟರ್ ಬೇಕು, ಮಹೀಂದ್ರವೋ ಮ್ಯಾಸಿಯೋ ಎಂದು ಕೇಳಿದ್ದೀರಿ. ಕೊಳ್ಳುವ ಮುನ್ನ ನಾನೂ ಸಿಕ್ಕವರನ್ನೆಲ್ಲ ಇದನ್ನೇ ಕೇಳಿದ್ದೆ. ಗಾಡಿ ಅದುವರೆಗೆ ಯಾವ ಮಣ್ಣಿನಲ್ಲಿ ದುಡಿದಿದೆ ಎಂದು ಮಾತ್ರ ಕೇಳಲಿಲ್ಲ.

ನಮ್ಮದು ಹಿರೇಕೆರೂರು ಕಡೆಯ ಮೆಕ್ಕೆಜೋಳದ ಹೊಲ. ಗಂಗಾವತಿ ಭಾಗದಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ದಲ್ಲಾಳಿಯೊಬ್ಬರು ಕರೆದೊಯ್ದರು. ಪರಿಚಯದ ಮೆಕ್ಯಾನಿಕ್ ಒಬ್ಬರು ಜೊತೆಗಿದ್ದರು. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿಸಿದರು, ಹೊಗೆಯ ಬಣ್ಣ ನೋಡಿದರು, ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಕೊಳವೆಗೆ ಅಂಗೈ ಒಡ್ಡಿ ಗಾಳಿಯ ರಭಸ ಪರೀಕ್ಷಿಸಿದರು. ಎಂಜಿನ್ ನಿಜಕ್ಕೂ ಚೆನ್ನಾಗಿತ್ತು, ಇವತ್ತಿಗೂ ಚೆನ್ನಾಗಿದೆ. ಕೆಟ್ಟಿದ್ದು ಅದರ ಹಿಂದಿನ ಭಾಗ.

ಗಂಗಾವತಿಯೂ ಸೇರಿದ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ನಾಟಿಗೆ ಗದ್ದೆಯನ್ನು ಕೆಸರು ಮಾಡುವಾಗ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ಚಕ್ರ ಹಾಕಿ ಇಳಿಸುತ್ತಾರೆ. ಹಿಂದಿನ ಆಕ್ಸಲ್ ತಾಸುಗಟ್ಟಲೆ ಕೆಸರುನೀರಿನಲ್ಲೇ ಇರುತ್ತದೆ. ಹಂಗಾಮಿನ ಮೇಲೆ ಹಂಗಾಮು ಹೀಗೆ ದುಡಿದರೆ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಸವೆದು ನೀರು ಒಳಗೆ ಜಿನುಗುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸಿಗೂ ಹೈಡ್ರಾಲಿಕ್ ಲಿಫ್ಟಿಗೂ ಒಂದೇ ಎಣ್ಣೆ. ಹಾಗಾಗಿ ಒಂದು ಕಡೆ ಹೊಕ್ಕ ನೀರು ಬೇರಿಂಗಿಗೆ ತುಕ್ಕು ಹಿಡಿಸಿ ಲಿಫ್ಟಿನ ಪಂಪನ್ನೂ ಹಾಳುಮಾಡುತ್ತದೆ. ನೀರು ಬೆರೆತ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ನಾವು ಗೇಜ್ ಕಡ್ಡಿ ಎಳೆದು ನೋಡಿದ್ದೆವು, ಎಣ್ಣೆ ತಿಳಿಯಾಗಿತ್ತು. ಮಾರುವ ಮುನ್ನ ಹೊಸದಾಗಿ ತುಂಬಿಸಿದ್ದರು!

ಆ ತಿಳಿ ಎಣ್ಣೆಯನ್ನು ನಂಬಿದ್ದೇ ನನಗೆ ದುಬಾರಿಯಾಯಿತು. ಹಳೆಯ ಗಾಡಿಯಲ್ಲಿ ತೀರಾ ಹೊಸ ಎಣ್ಣೆ ಕಂಡಾಗ ಯಾಕೆ ಬದಲಿಸಿದಿರಿ ಎಂದು ಕೇಳಬೇಕಿತ್ತು. ಎಣ್ಣೆ ತುಂಬುವ ಮುಚ್ಚಳದ ಒಳಮೈ ನೋಡಬೇಕಿತ್ತು. ಎಣ್ಣೆ ಬದಲಿಸಿದವರು ಅಲ್ಲಿನ ತುಕ್ಕನ್ನೂ ಬಿಳಿ ಜಿಡ್ಡನ್ನೂ ಒರೆಸುವುದು ಅಪರೂಪ. ನೇಗಿಲು ಕಟ್ಟಿ ಒಂದು ತಾಸು ಉತ್ತು, ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಡ್ರೇನ್ ಬೋಲ್ಟನ್ನು ತುಸು ಸಡಿಲಿಸಬೇಕಿತ್ತು. ನೀರು ಎಣ್ಣೆಗಿಂತ ಭಾರ, ತಳದಲ್ಲಿ ನಿಂತಿದ್ದರೆ ಮೊದಲು ಅದೇ ಹನಿಯುತ್ತದೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ.

ಮೃಗಶಿರ ಮಳೆ ಬಿದ್ದು ಹೊಲ ಹದಕ್ಕೆ ಬಂದ ಹೊತ್ತಿಗೆ ನಮ್ಮ ಗಾಡಿಯ ಲಿಫ್ಟು ಕೂರಿಗೆಯನ್ನು ಎತ್ತಿ ಹಿಡಿಯದಾಯಿತು, ಗೇರಿನಿಂದ ಕೀರಲು ಸದ್ದು ಎದ್ದಿತು. ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕಾಯಿತು. ಕೊಂಡ ಬೆಲೆಯ ಮೂರನೇ ಒಂದು ಪಾಲು ರಿಪೇರಿಗೆ ಹೋಯಿತು. ಬಾಡಿಗೆ ಟ್ರ್ಯಾಕ್ಟರಿಗೆ ಕಾಯುತ್ತ ಬಿತ್ತನೆಯ ಹದವೂ ಕೈತಪ್ಪಿತು.

ಇನ್ನು ನಿಮ್ಮ ವಿಷಯ. ಮಹೀಂದ್ರ, ಮ್ಯಾಸಿ ಎರಡಕ್ಕೂ ನಮ್ಮ ಕಡೆ ಬಿಡಿಭಾಗ ಸಿಗುತ್ತವೆ, ಆ ಚರ್ಚೆ ಬಿಡಿ. 45 ಎಚ್‌ಪಿಯೇ ನಿಮಗೆ ಬೇಡ. ಅಡಿಕೆ ಸಾಲುಗಳ ನಡುವೆ ಸಾಮಾನ್ಯವಾಗಿ 9 ಅಡಿ ಅಂತರ. ಅಷ್ಟು ದೊಡ್ಡ ಗಾಡಿಯನ್ನು ಒಳಗೆ ನುಗ್ಗಿಸಬಹುದು, ಆದರೆ ತಿರುಗಿಸುವಾಗ ಮರಕ್ಕೆ ತಗಲುತ್ತದೆ, ಭಾರಕ್ಕೆ ಮಣ್ಣು ಗಟ್ಟಿಯಾಗುತ್ತದೆ. ಅಡಿಕೆಯ ಬೇರು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ರೋಟವೇಟರ್ ಆಳಕ್ಕೆ ಹೊಡೆದರೆ ಬೇರನ್ನೇ ಕತ್ತರಿಸಿದಂತೆ. ಗೊಬ್ಬರ, ಗೊನೆ ಸಾಗಿಸಲು, ಔಷಧಿ ಸಿಂಪಡಿಸುವ ಪಂಪ್ ನಡೆಸಲು 18–20 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ಧಾರಾಳವಾಯಿತು. ಅಪರೂಪಕ್ಕೆ ದೊಡ್ಡ ಉಳುಮೆ ಬಂದರೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಿ. ಆ ಮಿನಿಯನ್ನೂ ತೋಟದಲ್ಲೇ ದುಡಿದದ್ದನ್ನು, ನಿಮ್ಮ ಆಸುಪಾಸಿನ ಊರುಗಳಲ್ಲೇ ಹುಡುಕಿ. ಅದರ ಕೆಲಸ ಕಣ್ಣಾರೆ ಕಂಡ ನೆರೆಯವರು ದಲ್ಲಾಳಿಗಿಂತ ನಂಬಿಕಸ್ಥರು.

ಕಾಗದಪತ್ರದಲ್ಲಿ ದಾಕ್ಷಿಣ್ಯ ಬೇಡ. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಆ ನಮೂದು ತೆಗೆಸುವ ಫಾರಂ 35 ಕೈಗೆ ಬರಬೇಕು, ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಬೀಳಬೇಕು. ಅಲ್ಲಿಯವರೆಗೆ ಪೂರ್ತಿ ಹಣ ಕೊಡಬೇಡಿ. ಟ್ರೇಲರಿಗೆ ಬೇರೆಯೇ ನೋಂದಣಿ ಇರುತ್ತದೆ, ಅದರ ಆರ್‌ಸಿಯನ್ನೂ ಕೇಳಿ ಪಡೆಯಿರಿ.