ಜಿಎಸ್‌ಟಿ ನೋಂದಣಿ ರದ್ದಾದರೆ

ಪ್ರಶ್ನೆ: ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ. ವಹಿವಾಟು ಒಂದೂವರೆ ಕೋಟಿಯ ಒಳಗೆ, ರಿಟರ್ನ್ ಮೂರು ತಿಂಗಳಿಗೊಮ್ಮೆ. ಲೆಕ್ಕ ನೋಡುತ್ತಿದ್ದವರು ಕೆಲಸ ಬಿಟ್ಟ ಮೇಲೆ ಎರಡು ಸಲದ ರಿಟರ್ನ್ ಹೋಗಿಲ್ಲ, ನೋಂದಣಿ ರದ್ದಾಗಿದೆ. ನೋಟಿಸು, ಒಟಿಪಿ ಎಲ್ಲ ಅವರ ಮೊಬೈಲಿಗೇ ಹೋಗುತ್ತಿದ್ದವು. ಪಾಸ್‌ವರ್ಡೂ ನಮ್ಮಲ್ಲಿಲ್ಲ. ದಾರಿ ಏನು?

ಉತ್ತರ: ದಾರಿ ಇದೆ, ತಡ ಮಾಡಬೇಡಿ. ರದ್ದತಿ ಆದೇಶ ಜಾರಿಯಾದ 90 ದಿನದೊಳಗೆ, ರದ್ದತಿ ಹಿಂಪಡೆಯಿರಿ ಎಂದು ಕೇಳುವ ಆರ್‌ಇಜಿ-21 ಅರ್ಜಿ ಹಾಕಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆದೇಶ ಹಾಕಿದರೆ ಜಾರಿಯಾದಂತೆಯೇ. ನೀವು ನೋಡಿರಲಿಲ್ಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಅವಧಿ ಮೀರಿದ್ದರೆ ಇನ್ನೂ 180 ದಿನದವರೆಗೆ ಅವಕಾಶ ಕೊಡುವ ಅಧಿಕಾರ ಜಂಟಿ ಅಥವಾ ಅಪರ ಆಯುಕ್ತರಿಗಿದೆ, ಕಾರಣ ಗಟ್ಟಿಯಿರಬೇಕು.

ಲಾಗಿನ್ ಇಲ್ಲದೆಯೇ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿದರೆ ನೀವು ಯಾವ ಕಚೇರಿಗೆ ಸೇರಿದವರೆಂದು ಕಾಣುತ್ತದೆ. ಪ್ಯಾನ್ ಮತ್ತು ಅಂಗಡಿ ನಿಮ್ಮದೆಂಬ ದಾಖಲೆ ಹಿಡಿದು ಅಲ್ಲಿಗೇ ಹೋಗಿ, ಮೊಬೈಲ್, ಇಮೇಲ್ ಬದಲಿಸಲು ಬರೆದುಕೊಡಿ. ಅಧಿಕಾರಿ ಪಾಸ್‌ವರ್ಡ್ ರೀಸೆಟ್ ಮಾಡಿದರೆ ತಾತ್ಕಾಲಿಕ ಪಾಸ್‌ವರ್ಡ್ ಹೊಸ ಇಮೇಲ್‌ಗೆ ಬರುತ್ತದೆ. ಹೊಸದಾಗಿ ಕೊಡುವ ಮೊಬೈಲ್ ನಿಮ್ಮ ಜೇಬಿನಲ್ಲಿರುವುದೇ ಆಗಲಿ. ಹೊಸ ಲೆಕ್ಕಿಗರು ಎಷ್ಟೇ ನಂಬಿಗಸ್ತರಾದರೂ ಅವರ ನಂಬರ್ ಕೊಡಬೇಡಿ.

ರದ್ದಾದ ದಿನದವರೆಗಿನ ರಿಟರ್ನ್ ತುಂಬದೆ ಅರ್ಜಿ ಮುಂದೆ ಹೋಗದು. ಹಳೆಯ ಅವಧಿಯಿಂದ ಶುರುಮಾಡಿ. ಪ್ರತಿ ಅವಧಿಗೂ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಆದ ಮೇಲೆಯೇ ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ. 3ಬಿಗೆ ತಡದ ಶುಲ್ಕ ದಿನಕ್ಕೆ 50 ರೂಪಾಯಿ, ನಿಮ್ಮ ವಹಿವಾಟಿಗೆ ಒಂದು ರಿಟರ್ನಿಗೆ ಗರಿಷ್ಠ 2,000. ನಗದಾಗಿ ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ: 20,000 ರೂಪಾಯಿ 90 ದಿನ ತಡವಾದರೆ ಸುಮಾರು 888.

ಅರ್ಜಿ ಹಾಕಿದ ಮೇಲೆ ಎಡವುವವರೇ ಹೆಚ್ಚು. ಅಧಿಕಾರಿಗೆ ಸಮಾಧಾನವಾಗದಿದ್ದರೆ ಆರ್‌ಇಜಿ-23 ನೋಟಿಸು ಕೊಡುತ್ತಾರೆ. ಉತ್ತರಕ್ಕೆ ಏಳು ಕೆಲಸದ ದಿನ ಮಾತ್ರ. ಹಾಗಾಗಿ ದಿನವೂ ಪೋರ್ಟಲ್ ತೆರೆದು ನೋಡಿ. ನೋಂದಣಿ ಮರಳಿದ 30 ದಿನದೊಳಗೆ ನಡುವಿನ ಅವಧಿಯ ರಿಟರ್ನ್‌ಗಳನ್ನೂ ಮುಗಿಸಬೇಕು. ನೋಂದಣಿ ಮರಳುವವರೆಗೆ ಜಿಎಸ್‌ಟಿ ಹಚ್ಚಿದ ಬಿಲ್ ಕೊಡಬೇಡಿ.

ಪ್ರಶ್ನೆ: ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ. ಮಾರಾಟವಿಲ್ಲದ ಅವಧಿಗೂ ರಿಟರ್ನ್ ಬೇಕೇ?

ಉತ್ತರ: ಬೇಕು. 14409ಕ್ಕೆ ಎಸ್‌ಎಂಎಸ್ ಕಳಿಸಿಯೂ ಶೂನ್ಯ ರಿಟರ್ನ್ ಹಾಕಬಹುದು, ನೋಂದಾಯಿತ ಮೊಬೈಲಿನಿಂದ ಮಾತ್ರ. ಆದರೆ ಆ ಅವಧಿಯಲ್ಲಿ ತೂಕದ ಯಂತ್ರ ಕೊಂಡು ಅದಕ್ಕೆ ಕೊಟ್ಟ ತೆರಿಗೆಯನ್ನು ಕ್ರೆಡಿಟ್ ಆಗಿ (ನೀವು ಕಟ್ಟುವ ತೆರಿಗೆಯಲ್ಲಿ ಕಳೆಯಲು) ಪಡೆಯುವುದಾದರೆ ಅದು ಶೂನ್ಯ ರಿಟರ್ನ್ ಅಲ್ಲ, ಪೋರ್ಟಲ್‌ನಲ್ಲೇ ತುಂಬಿ.