ಓದುಗರ ಪ್ರಶ್ನೆ: ಕ್ಯಾಪ್ಸೂಲ್ ಬೇಡ, ರಾಗಿ ತೌಡು ಎಸೆಯಬೇಡಿ

ಪ್ರಶ್ನೆ: ಮೇಡಂ, ನಮ್ಮ ಯಜಮಾನ್ರಿಗೆ ಅರವತ್ತು ದಾಟಿದೆ. ಬೆಳಗ್ಗೆ ಹೊಟ್ಟೆ ಸರಿಯಾಗಿ ಹೋಗಲ್ಲ, ಗ್ಯಾಸ್ ಬೇರೆ. ಪರಿಚಯದವರೊಬ್ಬರು ಪಾಲಿಫಿನಾಲ್ ಕ್ಯಾಪ್ಸೂಲ್ ತಗೊಳ್ಳಿ, ಕರುಳು ಶುದ್ಧ ಆಗುತ್ತೆ ಅಂತಾರೆ. ಬೆಲೆ ಕೇಳಿ ಎದೆ ಝಲ್ ಎಂದಿತು. ನಮ್ಮದು ದಿನಾ ಮುದ್ದೆ, ಸಾರು. ಮುದ್ದೆ ನುಣ್ಣಗೆ ಬರಲಿ ಅಂತ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜಾಲಿಸುತ್ತೇನೆ. ಏನು ಮಾಡಲಿ?
– ಗೃಹಿಣಿ, ಮದ್ದೂರು

ಉತ್ತರ: ಕ್ಯಾಪ್ಸೂಲ್ ಬೇಡಮ್ಮ. ಮೊದಲು ಆ ಬಟ್ಟೆಯನ್ನು ಪಕ್ಕಕ್ಕಿಡಿ. ರಾಗಿಯ ಪಾಲಿಫಿನಾಲ್ ಹೆಚ್ಚಾಗಿ ಇರುವುದೇ ಅದರ ಕೆಂಪು ಸಿಪ್ಪೆಯಲ್ಲಿ. ಬಿಳಿ ರಾಗಿಗಿಂತ ಕೆಂಪು ರಾಗಿಯಲ್ಲಿ ಜಾಸ್ತಿ. ನಿಮ್ಮ ಮಂಡ್ಯ ಜಿಲ್ಲೆಯ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲೇ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅಂಥ ನೆಲದ ರಾಗಿಯ ತೌಡು ಬಟ್ಟೆಯಲ್ಲೇ ಉಳಿದು ಹಸುವಿನ ಕಲಗಚ್ಚಿಗೆ ಹೋಗುತ್ತದೆ ಅಂದರೆ ನನಗೆ ಸಂಕಟವಾಗುತ್ತದೆ. ಕಲ್ಲು, ಕಸ ಹೋಗುವಷ್ಟು ಒಂದರಿ ಆಡಿಸಿದರೆ ಸಾಕು.

ಪಾಲಿಫಿನಾಲ್ ಅಂದರೆ ಗಿಡಗಳು ಬಿಸಿಲು, ಹುಳು, ರೋಗ ತಡೆಯಲು ತಾವೇ ಮಾಡಿಕೊಳ್ಳುವ ವಸ್ತುಗಳು. ಬಾಳೆಹೂವು ಬಿಡಿಸುವಾಗ ಬೆರಳು ಕಪ್ಪಾಗುತ್ತದಲ್ವಾ? ಹೆಚ್ಚಿದ ಬದನೆಕಾಯಿ ನೀರಿಗೆ ಹಾಕದಿದ್ದರೆ ಕಂದುತ್ತದಲ್ವಾ? ಅದೆಲ್ಲ ಪಾಲಿಫಿನಾಲ್ ಗಾಳಿಗೆ ಸಿಕ್ಕಿ ಬಣ್ಣ ಬದಲಿಸುವುದು. ನೇರಳೆ ಹಣ್ಣಿನ ಬಣ್ಣ, ನೆಲ್ಲಿಕಾಯಿಯ ಒಗರು, ಹುರುಳಿಕಾಳಿನ ಸಿಪ್ಪೆ, ಎಲ್ಲದರಲ್ಲೂ ಇದೆ.

ಇದರಲ್ಲಿ ಸಣ್ಣ ಕರುಳು ಹೀರಿಕೊಳ್ಳುವುದು ತೀರಾ ಸ್ವಲ್ಪ, ನೂರರಲ್ಲಿ 5ರಿಂದ 10 ಪಾಲು ಎನ್ನುತ್ತಾರೆ. ಮಿಕ್ಕಿದ್ದು ನಾರಿನ ಜೊತೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಮೈಗೆ ಹಿಡಿಯುವ ಸಣ್ಣ ವಸ್ತುಗಳಾಗಿ ಮಾಡುತ್ತವೆ. ದಾಳಿಂಬೆಯ ಪಾಲಿಫಿನಾಲ್‌ನಿಂದ ಯುರೋಲಿಥಿನ್ ಎಂಬ ವಸ್ತು ಹುಟ್ಟುವುದು ಹೀಗೆ. ಆದರೆ ಅದನ್ನು ಮಾಡುವ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲೂ ಇರುವುದಿಲ್ಲ. ಒಬ್ಬರಿಗೆ ಆದ ಗುಣ ಇನ್ನೊಬ್ಬರಿಗೆ ಆಗದಿರುವುದಕ್ಕೆ ಇದೂ ಒಂದು ಕಾರಣ. ದ್ರಾಕ್ಷಿಯ ಪಾಲಿಫಿನಾಲ್ ತಿಂದ ಇಲಿಗಳಲ್ಲಿ ಕರುಳಿಗೆ ಒಳ್ಳೆಯದೆನ್ನುವ ಅಕರ್‌ಮ್ಯಾನ್ಸಿಯ ಬ್ಯಾಕ್ಟೀರಿಯಾ ಹೆಚ್ಚಿದ್ದು ನಿಜ. ಅದು ಇಲಿಗಳ ಮಾತು. ಅದನ್ನೇ ಹಿಡಿದು ಕರುಳು ಶುದ್ಧ ಮಾಡುತ್ತೇವೆ ಅನ್ನುವವರನ್ನು ನಂಬಬೇಡಿ.

ಮಾತ್ರೆಯ ವಿಷಯದಲ್ಲಿ ಇನ್ನೊಂದು ಭಯ ಇದೆ. ಗ್ರೀನ್ ಟೀ ಸಾರದ ಮಾತ್ರೆಗಳನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಪರಿಶೀಲಿಸಿತು. ಅದರಲ್ಲಿನ ಇಜಿಸಿಜಿ ಎಂಬ ಪಾಲಿಫಿನಾಲ್ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ಪೆಟ್ಟಾಗಬಹುದು ಎಂದಿತು. ಊಟದಲ್ಲಿ ಬರುವುದು ಬೇರೆ, ಸಾರ ತೆಗೆದು ತುಂಬಿದ್ದು ಬೇರೆ.

ಯಜಮಾನ್ರಿಗೆ ಹೊಟ್ಟೆ ಸಲೀಸಾಗಿ ಹೋಗಲು ಮುಖ್ಯವಾಗಿ ಬೇಕಾದದ್ದು ನಾರು, ನೀರು, ಓಡಾಟ. ತೌಡಿರುವ ಹಿಟ್ಟು, ವಾರದಲ್ಲಿ ಎರಡು ಸಲ ಹುರುಳಿಕಾಳಿನ ಬಸ್ಸಾರು, ಬಾಳೆದಿಂಡಿನ ಪಲ್ಯ, ಉಪ್ಸಾರಿಗೆ ಬೇಯಿಸಿದ ಸೊಪ್ಪು. ಒಂದೇ ಸಲ ಎಲ್ಲ ಶುರು ಮಾಡಿದರೆ ಗ್ಯಾಸ್ ಜಾಸ್ತಿ ಆಗುತ್ತದೆ. ಸೋಸಿದ ಹಿಟ್ಟಿಗೆ ಸೋಸದ್ದನ್ನು ಅರ್ಧ ಬೆರೆಸಿ, ನಿಧಾನಕ್ಕೆ ಹೆಚ್ಚಿಸಿ. ಮಲದಲ್ಲಿ ರಕ್ತ ಕಂಡರೆ, ತೂಕ ಸುಮ್ನೆ ಇಳಿದರೆ, ಅಥವಾ ಈ ತೊಂದರೆ ಇತ್ತೀಚೆಗೆ ಶುರುವಾಗಿದ್ದರೆ, ಅಡುಗೆ ಬದಲಿಸುತ್ತಾ ಕೂರದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ಮಗಳಿಗೆ ರಕ್ತ ಕಡಿಮೆ ಇದೆ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗುತ್ತಾಳೆ. ಟೀಯಲ್ಲೂ ಪಾಲಿಫಿನಾಲ್ ಇದೆಯಂತೆ, ಒಳ್ಳೆಯದೇ ಅಲ್ವಾ?
– ತಾಯಿಯೊಬ್ಬರು, ನಂಜನಗೂಡು

ಉತ್ತರ: ಈ ಅಭ್ಯಾಸ ಇವತ್ತೇ ಬಿಡಿಸಿ. ಟೀ, ಕಾಫಿಯ ಪಾಲಿಫಿನಾಲ್ ಕಬ್ಬಿಣವನ್ನು ಕರುಳಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮಾತ್ರೆಗೆ ನೀರೋ ನಿಂಬೆ ಪಾನಕವೋ ಸಾಕು. ಊಟವಾಗಿ ಒಂದು ಗಂಟೆಯಾದರೂ ಕಳೆದ ಮೇಲೆ ಟೀ ಕುಡಿಯಲಿ. ರಾಗಿ, ಸೊಪ್ಪಿನ ಊಟದ ಜೊತೆ ಸೀಬೆಹಣ್ಣಿನ ಎರಡು ಹೋಳು ಕೊಡಿ. ಅದರ ವಿಟಮಿನ್ ಸಿ ಇದ್ದರೆ ಊಟದ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ.